ಕಲೆಗಳ ಎಣಿಕೆಯೊಂದೇ ಸಾಲದು
ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ಎಣಿಸಿ ಮುಂದಿನ ಸೌರಚಕ್ರದ (ಸುಮಾರು 11 ವರ್ಷಕ್ಕೊಮ್ಮೆ ಕಲೆಗಳು ಹೆಚ್ಚಿ ತಗ್ಗುವ ಆವರ್ತನದ) ಬಲವನ್ನು ಹೇಳಬಹುದಾದರೆ, 25ನೇ ಚಕ್ರದ ಅಂದಾಜು ಏಕೆ ತಪ್ಪಿತು ಎಂದು ಕೇಳಿದ್ದೀರಿ. 2019ರಲ್ಲಿ ತಜ್ಞರ ಸಮಿತಿ 2025ರ ಜುಲೈ ವೇಳೆಗೆ ಕಲೆಗಳ ಸಂಖ್ಯೆಯಲ್ಲಿ ಸುಮಾರು 115ರ ಶಿಖರವನ್ನು ನಿರೀಕ್ಷಿಸಿತ್ತು. 2024ರ ಅಕ್ಟೋಬರಿನಲ್ಲೇ 13 ತಿಂಗಳ ಸರಾಸರಿ 160ರ ಹತ್ತಿರ ಮುಟ್ಟಿತು.

ಎಣಿಕೆ ಹೆಚ್ಚು ನೆರವಾಗುವುದು ಚಕ್ರ ಶುರುವಾದ ಮೇಲೆ. ಬಲವಾದ ಚಕ್ರಗಳು ಬೇಗ ಏರುತ್ತವೆ. ಇದೇ ವಾಲ್ಡ್‌ಮೈಯರ್ ಪರಿಣಾಮ. ಅದಕ್ಕೂ ಮೊದಲೇ ಹೇಳಬೇಕಾದರೆ, ಕಲೆಗಳು ಅತಿ ಕಡಿಮೆಯಿರುವ ಕನಿಷ್ಠ ಹಂತದಲ್ಲಿ ಸೂರ್ಯನ ಧ್ರುವಗಳಲ್ಲಿರುವ ಕಾಂತಕ್ಷೇತ್ರವನ್ನೇ ನಾನು ಹೆಚ್ಚು ನಂಬುತ್ತೇನೆ. ಅದು ಮುಂದಿನ ಬೆಳೆಗೆ ಎತ್ತಿಟ್ಟ ಬೀಜ. ಆದರೆ ಅದರ ಕ್ರಮಬದ್ಧ ನೇರ ಅಳತೆ ಸಿಗುವುದು 1970ರ ದಶಕದಿಂದೀಚೆಗೆ, ಕೆಲವೇ ಚಕ್ರಗಳಿಗೆ. ಅದಕ್ಕೇ ಕೊಡೈಕೆನಾಲ್ ವೀಕ್ಷಣಾಲಯದ ನೂರು ವರ್ಷಗಳ ಸೂರ್ಯಚಿತ್ರಗಳು ಅಮೂಲ್ಯ: ಅವುಗಳಲ್ಲಿನ ಕ್ಯಾಲ್ಸಿಯಂ ಬೆಳಕಿನಲ್ಲಿ (ಕ್ಯಾಲ್ಸಿಯಂಗೆ ವಿಶಿಷ್ಟವಾದ ಬಣ್ಣದ ಬೆಳಕಿನಲ್ಲಿ) ತೆಗೆದ ಚಿತ್ರಗಳಿಂದ ಹಳೆಯ ಧ್ರುವಕ್ಷೇತ್ರವನ್ನು ಅಂದಾಜಿಸಬಹುದು.