ಆಸ್ಪತ್ರೆ ಬಿಲ್ಲಿನಲ್ಲಿ ಬಾರದ ಖರ್ಚು

ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರೊಬ್ಬರು ಬರೆದಿದ್ದಾರೆ: ‘ಮನೆಯಲ್ಲಿ ಮೂವರಿಗೆ ಡೆಂಗಿ. ಆಸ್ಪತ್ರೆಗೆ 40 ಸಾವಿರ ಸುರಿದೆವು. ಪಂಚಾಯ್ತಿಯವರು ವಾರಕ್ಕೊಮ್ಮೆ ಹೊಗೆ ಹೊಡೆದಿದ್ದರೆ ಈ ಖರ್ಚು ತಪ್ಪುತ್ತಿತ್ತು. ಆ ಸಲದ ಬೆಳೆಯೂ ಕೈಗೆ ಬರಲಿಲ್ಲ.’

ರೋಗ ಬಂದ ಊರಿಗೆ ಹೊಗೆ ಬೇಕು, ಒಪ್ಪಿದೆ. ಆದರೆ ಅದರಿಂದ ಹಾರಾಡುವ ಸೊಳ್ಳೆ ಸಾಯುತ್ತದೆ, ನೀರಿನಲ್ಲಿರುವ ಮರಿ ಸಾಯುವುದಿಲ್ಲ. ಆ ಔಷಧಿ ಹಿಪ್ಪುನೇರಳೆ ಸೊಪ್ಪಿಗೆ ತಾಕಿದರೆ ಅದನ್ನು ತಿನ್ನುವ ರೇಷ್ಮೆ ಹುಳುವಿಗೆ ಏನಾಗುತ್ತದೆ ಅನ್ನೋದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ನಿಮ್ಮ ಕೊನೆಯ ಸಾಲು. ಹೋದ ಬೆಳೆಯನ್ನು ನೀವು ಖರ್ಚಿಗೆ ಸೇರಿಸಲೇ ಇಲ್ಲವಲ್ಲ! ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು ಏಳೆಂಟು ದಿನದಲ್ಲಿ ಇಡೀ ಬೆಳೆಯ ಮುಕ್ಕಾಲು ಪಾಲಿಗಿಂತ ಜಾಸ್ತಿ ಸೊಪ್ಪು ತಿನ್ನುತ್ತದೆ. ಆ ವಾರ ಮನೆಯವರೆಲ್ಲ ಮಲಗಿದರೆ ಸೊಪ್ಪು ಕೊಯ್ಯುವವರು ಯಾರು? ಹಣ್ಣಾದ ಹುಳು ಆರಿಸಿ, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವವರು ಯಾರು? ಗೂಡಿನ ದುಡ್ಡು ಹೋಯಿತು, ಸಾಲದ ಬಡ್ಡಿ ಏರಿತು. ಇದಕ್ಕೆ ಯಾರೂ ಬಿಲ್ಲು ಬರೆಯುವುದಿಲ್ಲ. ಅದಕ್ಕೇ ಸರ್ಕಾರದ ಕಣ್ಣಿಗೂ ಬೀಳುವುದಿಲ್ಲ.

ಡೆಂಗಿ ತರುವ ಸೊಳ್ಳೆಯೇ ಹರಡಿದ 2006ರ ಚಿಕುನ್‌ಗುನ್ಯಾ ನೆನಪಿದೆ ಅಲ್ವಾ? ದೇಶದಲ್ಲಿ ಸುಮಾರು 13.9 ಲಕ್ಷ ಶಂಕಿತ ರೋಗಿಗಳು. ಅವರಲ್ಲಿ 7.5 ಲಕ್ಷ ಜನ ನಮ್ಮ ಕರ್ನಾಟಕದವರು. ಒಬ್ಬೊಬ್ಬರದು ಬರೀ ಹತ್ತು ದಿನದ ಕೆಲಸ ಹೋಯಿತು ಅಂತ ಹಿಡಿಯಿರಿ, 75 ಲಕ್ಷ ದಿನದ ದುಡಿಮೆ ಹೋದ ಹಾಗಾಯಿತು. ಹತ್ತು ದಿನ ಅನ್ನೋದೂ ಕಡಿಮೆಯೇ. ನಮ್ಮಮ್ಮನಿಗೆ ಜ್ವರ ಬಿಟ್ಟಿದ್ದು ಐದೇ ದಿನಕ್ಕೆ. ಮುದ್ದೆ ಕೋಲು ಹಿಡಿಯುವಷ್ಟು ಬೆರಳು ಮಡಚಿದ್ದು ನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ಅಪ್ಪ ಹೊಲ ಬಿಟ್ಟು ಒಲೆ ಮುಂದೆ ಕೂತರು. ಆ ವರ್ಷ ನಮಗೆ ರಾಗಿ ಕೊಂಡು ತಿನ್ನೋ ಹಾಗಾಯಿತು.

ಈ ಸೊಳ್ಳೆ ಚರಂಡಿಯದಲ್ಲ, ತಿಳಿನೀರಿನದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಜೀವನದಿ ಇಲ್ಲ. ನಲ್ಲಿಯಲ್ಲಿ ನೀರು ಯಾವಾಗ ಬರುತ್ತದೋ ಗೊತ್ತಿಲ್ಲ. ಹಾಗಾಗಿ ಡ್ರಮ್ಮು, ಸಂಪು, ತೊಟ್ಟಿ ಎಲ್ಲ ತುಂಬಿಸಿಡುತ್ತೇವೆ. 2024ರಲ್ಲಿ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಹಳ್ಳಿಯಲ್ಲಿ 200, ಪಟ್ಟಣದಲ್ಲಿ 400 ರೂಪಾಯಿ ದಂಡ ಅಂತ ಸರ್ಕಾರ ನಿಯಮ ತಂದಿತು. ವಾರಗಟ್ಟಲೆ ನೀರು ಬಿಡದವರಿಗೆ ಎಷ್ಟು ದಂಡ?

ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ಡ್ರಮ್ಮಿನ ನೀರು ಚೆಲ್ಲಿದರೆ ಸಾಲದು. ಮೊಟ್ಟೆ ಒಳಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ವಾರಕ್ಕೊಮ್ಮೆ ಉಜ್ಜಿ ತೊಳೆಯಿರಿ, ಡ್ರಮ್ಮಿನ ಬಾಯಿಗೆ ಬಟ್ಟೆ ಕಟ್ಟಿ. ಮುಂದಿನ ಪತ್ರದಲ್ಲಿ ಹೋದ ಗೂಡಿನ ಲೆಕ್ಕ ಬರೆದು ಕಳಿಸಿ, ಪೂರ್ತಿ ಅಚ್ಚು ಹಾಕುತ್ತೇವೆ.

– ಸಂಪಾದಕ