ಬಾಡಿಗೆ ಎಲೆಕ್ಟ್ರಿಕ್ ಸ್ಕೂಟರುಗಳನ್ನು ಜನ ಬಳಸುತ್ತಲೇ ಇರುವುದಕ್ಕೆ ಕಾರಣವೇನು?

ಹೊಸದರಲ್ಲಿ ಕುತೂಹಲ, ರಿಯಾಯಿತಿಗಳು ಜನರನ್ನು ಸೆಳೆಯುತ್ತವೆ. ಬಳಕೆ ಉಳಿಯುವುದು ಮಾತ್ರ ನಂಬಿಕೆಯಿಂದ. ಮಾಹಿತಿ ವ್ಯವಸ್ಥೆಗಳ (ಕಂಪ್ಯೂಟರ್ ಆಧಾರಿತ ಸೇವೆಗಳ) ಬಳಕೆಯ ಬಗ್ಗೆ ಸಂಶೋಧಕ ಅನೋಲ್ ಭಟ್ಟಾಚಾರ್ಜಿಯವರು 2001ರಲ್ಲಿ ಮಂಡಿಸಿದ ಮಾದರಿ ಇಲ್ಲಿಗೂ ಹೊಂದುತ್ತದೆ: ಮೊದಲು ಇಟ್ಟುಕೊಂಡ ನಿರೀಕ್ಷೆ ಅನುಭವದಲ್ಲಿ ನಿಜವಾದರೆ ತೃಪ್ತಿ ಮೂಡುತ್ತದೆ, ಆ ತೃಪ್ತಿಯೂ ಉಪಯೋಗದ ಅರಿವೂ ಸೇರಿ ಮತ್ತೆ ಬಳಸುವ ಮನಸ್ಸನ್ನು ರೂಪಿಸುತ್ತವೆ.

ಮೈಸೂರು ರೈಲು ನಿಲ್ದಾಣದಲ್ಲಿ ಇಳಿದು ಮಾನಸಗಂಗೋತ್ರಿಗೆ ಹೋಗಬೇಕಾದ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳಿ. ಆ್ಯಪ್ ತೋರಿಸಿದ ಜಾಗದಲ್ಲಿ ಗಾಡಿ ನಿಜಕ್ಕೂ ನಿಂತಿರಬೇಕು, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಲಾಕ್ ತೆರೆಯಬೇಕು, ಬ್ರೇಕ್ ಸರಿಯಾಗಿ ಹಿಡಿಯಬೇಕು, ಕುಕ್ಕರಹಳ್ಳಿ ಕೆರೆಯ ಬಳಿ ಬ್ಯಾಟರಿ ಕೈಕೊಡಬಾರದು. ತರಗತಿಗೆ ಒಂದೆರಡು ಸಲ ತಡವಾದರೆ ಆಕೆ ಸಿಟಿ ಬಸ್ಸನ್ನೇ ಹತ್ತುತ್ತಾಳೆ. ಶಕ್ತಿ ಯೋಜನೆಯಿಂದಾಗಿ ರಾಜ್ಯದ ಮಹಿಳೆಯರಿಗೆ ಅದು ಉಚಿತವಾಗಿರುವಾಗ, ಸ್ಕೂಟರಿಗೆ ಹಣ ಕೊಡಲು ಉಳಿಯುವ ಕಾರಣ ಸಮಯದ ಉಳಿತಾಯವೊಂದೇ.

ಗಾಡಿ ಬಿಡುವ ಜಾಗವೂ ಅಷ್ಟೇ ಮುಖ್ಯ. 2017ರಲ್ಲಿ ಮೈಸೂರಿನಲ್ಲಿ ಆರಂಭವಾದ ಟ್ರಿಣ್ ಟ್ರಿಣ್ ಎಂಬ ಬಾಡಿಗೆ ಸೈಕಲ್ ಯೋಜನೆಯಲ್ಲಿ ಸೈಕಲ್ಲನ್ನು ನಿಗದಿತ ನಿಲ್ದಾಣಗಳಲ್ಲೊಂದಕ್ಕೇ ಮರಳಿಸಬೇಕಿತ್ತು. ಇಂಥ ಕ್ರಮದಲ್ಲಿ ನಿಲ್ದಾಣ ಮನೆಗೆ ದೂರವಾದಷ್ಟೂ ದಿನನಿತ್ಯದ ಬಳಕೆ ಕುಗ್ಗುವುದು ಸಹಜ. ಗಂಟೆಗೆ 25 ಕಿ.ಮೀ. ಮೀರದ, 250 ವ್ಯಾಟ್‌ಗಿಂತ ಕಡಿಮೆ ಮೋಟರಿನ ಗಾಡಿಗಳಿಗೆ ಚಾಲನಾ ಪರವಾನಗಿ ಬೇಕಿಲ್ಲದಿರುವುದು ವಿದ್ಯಾರ್ಥಿಗಳಿಗೆ ದೊಡ್ಡ ಅನುಕೂಲ. ಪರಿಸರ ಕಾಳಜಿ ಬಳಸುವವರಿಗೆ ಸಮಾಧಾನ ತರುತ್ತದೆ, ಆದರೆ ಕೆಟ್ಟು ನಿಂತ ಗಾಡಿಯ ಬಳಿಗೆ ಅವರನ್ನು ಮತ್ತೆ ಕರೆತರುವಷ್ಟು ಬಲ ಅದಕ್ಕಿಲ್ಲವೆಂದು ನನ್ನ ಅಭಿಪ್ರಾಯ.