ಮೆಟ್ರೊ ಯೋಜನೆಯಲ್ಲಿ ಪ್ಲಾನಿಂಗ್‌ನವರಿಗೂ ಎಂಜಿನಿಯರಿಂಗ್‌ನವರಿಗೂ ಹೊಂದಾಣಿಕೆ ತರಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ನೀವು ಪ್ಲಾನಿಂಗ್ ಕಡೆಯವರು, ಟೆಂಡರ್ ಡ್ರಾಯಿಂಗ್ ತಯಾರಾಗ್ತಾ ಇದೆ, ಸಿವಿಲ್‌ನವರು ಹೇಳದೆ ಕೇಳದೆ ಗೆರೆ ಬದಲಾಯಿಸ್ತಾರೆ, ಅದನ್ನು ಹಿಡಿಯೋಕೆ ಒಂದು ಸಾಫ್ಟ್‌ವೇರ್ ಬೇಕು. ಇಷ್ಟು ತಾನೇ? ಹಾಗೆ ಹೇಳದೆ ಕೇಳದೆ ಬದಲಾಯಿಸಿದ ಸಿವಿಲ್‌ನವನು ನಾನೇ. ಆಗ ನಮ್ಮ ಆಫೀಸಿನಲ್ಲಿ ಒಳ್ಳೇ ದುಬಾರಿ ಸಾಫ್ಟ್‌ವೇರೇ ಇತ್ತು.

ಊರು ಬೇಡ, ಕಂಪನಿ ಬೇಡ, ಈಗಲೂ ಇದೇ ಫೀಲ್ಡ್‌ನಲ್ಲಿ ಅನ್ನ ತಿನ್ನುತ್ತಿದ್ದೇನೆ. ಎಲಿವೇಟೆಡ್ ಮಾರ್ಗದ ಒಂದು ಸ್ಟೇಷನ್. ಡಿಸೈನ್ ಕನ್ಸಲ್ಟೆಂಟ್ ಪರವಾಗಿ ನಾನು ಸೈಟ್‌ನಲ್ಲಿದ್ದೆ. ಮೇಲಿನ ಕೆಲಸವೆಲ್ಲ ಮುಗಿದು ರಸ್ತೆಯ ಎರಡು ಬದಿಯ ಎಂಟ್ರಿ ಮೆಟ್ಟಿಲು ಮಾತ್ರ ಉಳಿದಿತ್ತು. ಪೂರ್ವದ ಕಡೆ ಮೆಟ್ಟಿಲಿನ ಫುಟಿಂಗ್‌ಗೆ, ಅಂದರೆ ಅಡಿಪಾಯಕ್ಕೆ, ಟ್ರಯಲ್ ಪಿಟ್ (ಕೆಳಗೇನಿದೆ ನೋಡೋ ಗುಂಡಿ) ತೋಡಿಸಿದರೆ ಆಳುದ್ದ ಆಳದಲ್ಲಿ ಕುಡಿಯೋ ನೀರಿನ ದಪ್ಪ ಪೈಪು. ರೆಕಾರ್ಡ್ ಪ್ರಕಾರ ಅದು ರಸ್ತೆ ಮಧ್ಯದಲ್ಲಿ ಇರಬೇಕಿತ್ತು. ನಮ್ಮಲ್ಲಿ ಪೈಪುಗಳು ರೆಕಾರ್ಡ್ ಓದಿಕೊಂಡು ಮಲಗೋದಿಲ್ಲ.

ಪೈಪು ಸರಿಸಬೇಕೆಂದರೆ ನೀರಿನವರಿಂದ ಎಸ್ಟಿಮೇಟ್, ಅದಕ್ಕೆ ಹಣ ಕಟ್ಟೋದು, ಆಮೇಲೆ ಸುತ್ತಲಿನ ಬಡಾವಣೆಗೆಲ್ಲ ನೀರು ನಿಲ್ಲಿಸಲು ಒಂದು ದಿನ ಗೊತ್ತು ಮಾಡಿಸೋದು. ತಿಂಗಳುಗಟ್ಟಲೆ ಹಿಡಿಯುತ್ತೆ. ಗುತ್ತಿಗೆದಾರರ ಮ್ಯಾನೇಜರ್ ಬೆಳಿಗ್ಗೆ ಸಂಜೆ ಬಂದು ‘ಸಾರ್, ಏನಾದ್ರೂ ದಾರಿ ತೋರ್ಸಿ, ಹುಡುಗ್ರು ಸುಮ್ನೆ ಕೂತವ್ರೆ’ ಅನ್ನುತ್ತಿದ್ದರು. ನಾನು ತೋರಿಸಿದ ದಾರಿ ಬಹಳ ಸುಲಭದ್ದು. ಮೆಟ್ಟಿಲನ್ನು ಮಿರರ್ ಮಾಡಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕೆಂದರೆ ತಪ್ಪು ಇರೋದು ಇಲ್ಲೇ. ಮೆಟ್ಟಿಲು ಫುಟ್‌ಪಾತ್ ಉದ್ದಕ್ಕೆ, ರಸ್ತೆಗೆ ಸಮಾನಾಂತರವಾಗಿ ಇಳಿಯೋದು. ಮೊದಲಿನ ಡ್ರಾಯಿಂಗ್‌ನಲ್ಲಿ ದಕ್ಷಿಣಕ್ಕೆ ಇಳಿಯುತ್ತಿತ್ತು. ಉತ್ತರಕ್ಕೆ ತಿರುಗಿಸಿದರೆ ಕೆಳಗಿನ ಫುಟಿಂಗ್ ಪೈಪಿನಿಂದ ತಪ್ಪಿಸಿಕೊಳ್ಳುತ್ತೆ, ಮೇಲೆ ಕಾನ್‌ಕೋರ್ಸ್‌ಗೆ (ಟಿಕೆಟ್ ಕೊಳ್ಳೋ ಅಂತಸ್ತಿಗೆ) ಸೇರೋ ಜಾಗ ಹಾಗೇ ಉಳಿಯುತ್ತೆ. ಮೆಟ್ಟಿಲಿನ ಸಂಖ್ಯೆ ಅಷ್ಟೇ, ಕಬ್ಬಿಣ ಅಷ್ಟೇ, ಕಾಂಕ್ರೀಟ್ ಅಷ್ಟೇ. ಸ್ಟ್ರಕ್ಚರ್‌ನವರು ಒಂದೇ ಸಂಜೆಯಲ್ಲಿ ಚೆಕ್ ಮಾಡಿ ಕಳಿಸಿದರು. ಬದಲಾವಣೆಯ ಫಾರಂನಲ್ಲಿ ‘ವೆಚ್ಚದ ಮೇಲೆ ಪರಿಣಾಮ: ಇಲ್ಲ, ಅವಧಿಯ ಮೇಲೆ ಪರಿಣಾಮ: ಇಲ್ಲ’ ಅಂತ ಟಿಕ್ ಹಾಕಿ ಸಹಿ ಮಾಡಿದೆ. ಆ ಎರಡು ಟಿಕ್ ಬಿದ್ದ ಫಾರಂ ಚಿಕ್ಕ ಬದಲಾವಣೆ ಅಂತ ಲೆಕ್ಕ. ಅದರ ಪ್ರತಿ ಹೋಗೋದು ಸ್ಟ್ರಕ್ಚರ್, ಆರ್ಕಿಟೆಕ್ಟ್, ಎಲೆಕ್ಟ್ರಿಕಲ್‌ನವರಿಗೆ. ಪ್ಲಾನಿಂಗ್‌ನವರ ಹೆಸರು ಆ ಪಟ್ಟಿಯಲ್ಲೇ ಇರಲಿಲ್ಲ. ಅವರ ಕೆಲಸ ಡಿಪಿಆರ್ (ವಿವರವಾದ ಯೋಜನಾ ವರದಿ) ಹಂತಕ್ಕೆ ಮುಗಿಯಿತು ಅನ್ನೋದು ನಮ್ಮೆಲ್ಲರ ನಂಬಿಕೆ. ನಾನಾದರೂ ಒಂದು ಫೋನ್ ಮಾಡಬಹುದಿತ್ತು. ನಂಬರ್ ಇತ್ತು. ಮೆಟ್ಟಿಲು ಎತ್ತ ಮುಖ ಮಾಡಿದೆ ಅನ್ನೋದು ಅವರಿಗೆ ಸಂಬಂಧಪಟ್ಟ ವಿಷಯ ಅಂತಲೇ ತಲೆಗೆ ಹೊಳೆಯಲಿಲ್ಲ.

ಆ ಮೆಟ್ಟಿಲು ದಕ್ಷಿಣಕ್ಕೆ ಇಳಿಯುತ್ತಿದ್ದದ್ದು ಪ್ಲಾನಿಂಗ್‌ನವರ ನಕ್ಷೆಯಲ್ಲಿ ಬಸ್ ಬೇ, ಅಂದರೆ ರಸ್ತೆ ಬದಿಗೆ ಬಸ್ ನಿಲ್ಲೋ ಜಾಗ, ಅಲ್ಲಿತ್ತು ಅಂತ. ಬಸ್ ಇಳಿದವರು ರಸ್ತೆಗೆ ಕಾಲಿಡದೆ ನೇರ ಮೆಟ್ಟಿಲು ಹತ್ತಬೇಕು, ಪಕ್ಕದಲ್ಲೇ ಸಿಗ್ನಲ್ ಇರೋ ಜೀಬ್ರಾ ಕ್ರಾಸಿಂಗ್ ಇರಬೇಕು ಅಂತ ಲೆಕ್ಕ ಹಾಕಿ ಇಟ್ಟಿದ್ದರು. ನಾನು ತಿರುಗಿಸಿದ ಮೇಲೆ ಮೆಟ್ಟಿಲಿನ ಬಾಯಿ ಬಸ್ ಬೇಗೆ ಬೆನ್ನು ಹಾಕಿತು. ನಡುವೆ ಉಳಿದದ್ದು ಮೆಟ್ಟಿಲಿನ ಪಕ್ಕದ ಒಂದು ಮೀಟರ್ ಫುಟ್‌ಪಾತ್. ಅದನ್ನೂ ಒಂದು ಟ್ರಾನ್ಸ್‌ಫಾರ್ಮರ್ ಬೇಲಿ ತಿಂದುಹಾಕಿತ್ತು. ಜನ ರಸ್ತೆಗಿಳಿದು ನಡೆಯತೊಡಗಿದರು. ಅದನ್ನು ನೋಡಿ ಡ್ರೈವರ್‌ಗಳು ಬಸ್ ಬೇ ಬಿಟ್ಟು ಮೆಟ್ಟಿಲಿನ ಬಾಯಿಗೇ ಬಸ್ ನಿಲ್ಲಿಸಿದರು. ಅವರದೇನೂ ತಪ್ಪಿಲ್ಲ, ಜನ ಇರೋ ಕಡೆ ಬಸ್ ನಿಲ್ಲುತ್ತೆ. ಆದರೆ ಅದು ಎಡಕ್ಕೆ ತಿರುಗೋ ಲೇನ್. ಖಾಲಿ ಬಿದ್ದ ಬಸ್ ಬೇಯಲ್ಲಿ ಆಟೊಗಳು. ಟ್ರಾಫಿಕ್ ಪೊಲೀಸರು ಬ್ಯಾರಿಕೇಡ್ ತಂದಿಟ್ಟರು, ಜನ ಬ್ಯಾರಿಕೇಡ್ ಸಂದಿಯಲ್ಲಿ ನುಸುಳಿದರು.

ಜಂಟಿ ಪರಿಶೀಲನೆಗೆ ಬಂದ ಪ್ಲಾನಿಂಗ್ ಮೇಡಂ ಬಯ್ಯಲಿಲ್ಲ. ‘ಯಾಕ್ರೀ ತಿರುಗಿಸಿದ್ರಿ ಅಂತ ಕೇಳ್ತಿಲ್ಲ, ಪೈಪ್ ಇತ್ತು, ಸರಿ. ನಂಗೊಂದು ಮಾತು ಹೇಳಿದ್ದಿದ್ರೆ ಬಸ್ ಬೇನೇ ಆ ಕಡೆ ಎಳೀತಿದ್ದೆ. ಆಗ ಅದಿನ್ನೂ ಬರೀ ಗೆರೆ ಅಲ್ವಾ?’ ಅಂದರು. ನಿಜ. ನಾನು ಸಹಿ ಹಾಕಿದ ದಿನ ಬಸ್ ಬೇ ಕಾಗದದ ಮೇಲಷ್ಟೇ ಇತ್ತು. ಈಗ ಅದು ಕಾಂಕ್ರೀಟ್, ಕರ್ಬ್ ಕಲ್ಲು, ಶೆಲ್ಟರ್, ಚರಂಡಿಯ ಬಾಯಿ, ದೀಪದ ಕಂಬ. ಎಲ್ಲ ಒಡೆದು ಉತ್ತರಕ್ಕೆ ಕಟ್ಟಿದರು, ಸಿಗ್ನಲ್ ಕೂಡ ಸರಿಸಿದರು. ವೆಚ್ಚದ ಮೇಲೆ ಪರಿಣಾಮ ಇಲ್ಲ ಅಂತ ಬರೆದ ಫಾರಂನಲ್ಲಿ ನನ್ನ ಸಹಿ ಇತ್ತಲ್ಲ, ಮುಂದಿನ ಪ್ಯಾಕೇಜ್‌ಗೆ, ಅಂದರೆ ಮುಂದಿನ ಗುತ್ತಿಗೆ ಕೆಲಸಕ್ಕೆ, ಆಯ್ಕೆಯಾದವರ ಪಟ್ಟಿಯಲ್ಲಿ ನನ್ನ ಹೆಸರು ಬರಲಿಲ್ಲ.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವೇ ಸರಿಯಿಲ್ಲ ಅನ್ನೋದು ನನ್ನ ಅಭಿಪ್ರಾಯ. ಬದಲಾವಣೆ ಮುಚ್ಚಿಟ್ಟಿದ್ದೇನಲ್ಲ. ಸಿಸ್ಟಮ್‌ನಲ್ಲಿ ನನ್ನ ಮಿರರ್ ಮಾಡಿದ ಡ್ರಾಯಿಂಗ್ ಬದಲಾದ ಜಾಗಕ್ಕೆ ಹಾಕೋ ಕೆಂಪು ಮೋಡದ ಗುರುತಿನೊಂದಿಗೆ ಎಲ್ಲರಿಗೂ ಕಾಣುತ್ತಿತ್ತು. ಆ ಮೆಟ್ಟಿಲು ದಕ್ಷಿಣಕ್ಕೇ ಯಾಕೆ ಇಳಿಯಬೇಕು ಅನ್ನೋದು ಮಾತ್ರ ಯಾವ ಡ್ರಾಯಿಂಗ್‌ನಲ್ಲೂ ಬರೆದಿರಲಿಲ್ಲ. ಕಾರಣ ಡಿಪಿಆರ್‌ನ ಯಾವುದೋ ಅನುಬಂಧದಲ್ಲಿ ಉಳಿಯಿತು, ಸೈಟಿಗೆ ಬಂದದ್ದು ಗೆರೆ ಮಾತ್ರ. ಕಾರಣ ಗೊತ್ತಿಲ್ಲದ ಗೆರೆಯನ್ನು ಎಂಜಿನಿಯರ್ ಸರಿಸಿಯೇ ಸರಿಸ್ತಾನೆ. ನಾನೂ ಸರಿಸ್ತೀನಿ, ನಿಮ್ಮ ಸಿವಿಲ್‌ನವರೂ ಸರಿಸ್ತಾರೆ.

ಸಮನ್ವಯ ಅಂದ ತಕ್ಷಣ ಜನ ದೊಡ್ಡ ಉದಾಹರಣೆ ಎತ್ತುತ್ತಾರೆ. ಬೆಂಗಳೂರಿನ ಜಯದೇವ ಫ್ಲೈಓವರನ್ನೇ ತಗೊಳ್ಳಿ. 2000ರ ದಶಕದಲ್ಲಿ ಕಟ್ಟಿದ್ದನ್ನು ಮೆಟ್ರೊ ಎರಡನೇ ಹಂತಕ್ಕಾಗಿ 2020ರಲ್ಲಿ ಕೆಡವಬೇಕಾಯಿತು. ಅದೇ ಮಾರ್ಗದಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ಕಡೆಗೆ ಸುಮಾರು 3.3 ಕಿ.ಮೀ. ಡಬಲ್ ಡೆಕ್ಕರ್ ಫ್ಲೈಓವರ್ ಇದೆ. ಒಂದೇ ಸಾಲು ಕಂಬ, ನಡುವೆ ವಾಹನ, ಮೇಲೆ ಹಳದಿ ಮಾರ್ಗದ ರೈಲು. ಕಂಬದ ಡಿಸೈನ್ ಮಾಡುವ ಮೊದಲೇ ಎರಡನ್ನೂ ಕೂಡಿಸಿ ಯೋಚಿಸದಿದ್ದರೆ ಅದು ಆಗುತ್ತಲೇ ಇರಲಿಲ್ಲ. ವೈಟ್‌ಫೀಲ್ಡ್ ಮಾರ್ಗವೂ ನಿಮಗೆ ನೆನಪಿರಬೇಕು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ಆಚೆ ರೈಲು ಶುರುವಾಯಿತು, ಈಚೆ ಬೈಯಪ್ಪನಹಳ್ಳಿಗೆ ಎರಡು ಕಿ.ಮೀ.ನಷ್ಟು ಕೊಂಡಿ ಅಕ್ಟೋಬರ್‌ವರೆಗೂ ಇರಲಿಲ್ಲ. ಜನ ಮೆಟ್ರೊ ಇಳಿದು ಬಸ್ ಹತ್ತಿ ಮತ್ತೆ ಮೆಟ್ರೊ ಹತ್ತಿದರು. ಆ ಕೊಂಡಿಗಾಗಿ ಬೆನ್ನಿಗಾನಹಳ್ಳಿಯಲ್ಲಿ ರೈಲ್ವೆ ಹಳಿಗಳ ಮೇಲೆ ಉಕ್ಕಿನ ಗರ್ಡರ್ ಕೂರಿಸೋದು ಹುಡುಗಾಟವಲ್ಲ, ಒಪ್ಪುತ್ತೇನೆ.

ಇಂಥದ್ದಕ್ಕೆಲ್ಲ ಎಲ್ಲ ಇಲಾಖೆಗಳನ್ನು ಒಂದೇ ಮೇಜಿಗೆ ತರೋ ಪ್ರಾಧಿಕಾರ ಬೇಕು. ಬೆಂಗಳೂರಿಗೆ ಭೂಸಾರಿಗೆ ಪ್ರಾಧಿಕಾರದ 2022ರ ಕಾಯ್ದೆಯೂ ಬಂತು. ಒಳ್ಳೆಯದೇ. ಆದರೆ ಆ ಮೇಜಿನ ಮೇಲೆ ಮೆಟ್ಟಿಲು ಮಿರರ್ ಆದ ಫಾರಂ ಯಾವತ್ತೂ ಬರೋದಿಲ್ಲ. ಪ್ರಯಾಣಿಕನ ಕಾಲಿಗೆ ಸಿಗೋದು ಮಾತ್ರ ಮೆಟ್ಟಿಲೇ.

ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ (ಬಸ್ಸಿಗೇ ಮೀಸಲಾದ ಪಥದ ವ್ಯವಸ್ಥೆ) ಬಗ್ಗೆ ನೂರು ದೂರು ಇವೆ, ಅದು ಬೇರೆ ಮಾತು. ಅಲ್ಲಿನ ಚಿಗರಿ ಬಸ್ ಹತ್ತುವಾಗ ಒಂದು ಗಮನಿಸಿ. ನಿಲ್ದಾಣ ರಸ್ತೆ ಮಧ್ಯೆ ಅಂತ ಪ್ಲಾನಿಂಗ್‌ನವರು ಹೇಳಿದ ಕೂಡಲೇ ಬಸ್ಸಿಗೆ ಬಲಗಡೆ ಬಾಗಿಲು ಬೇಕಾಯಿತು. ಬಸ್ಸಿನ ನೆಲ ಎಷ್ಟು ಎತ್ತರವೋ ಪ್ಲಾಟ್‌ಫಾರ್ಮ್ ಅಷ್ಟೇ ಎತ್ತರ ಬೇಕಾಯಿತು. ಇನ್ನು ಮುಂದೆ ಯಾರಾದರೂ ಹಳೇ ಡಾಂಬರಿನ ಮೇಲೇ ಇನ್ನೊಂದು ಪದರ ಎಳೆದರೆ ಬಸ್ಸು ಪ್ಲಾಟ್‌ಫಾರ್ಮ್‌ಗಿಂತ ಮೇಲೆ ನಿಲ್ಲುತ್ತೆ. ಡಾಂಬರು ಹಾಕೋ ಎಂಜಿನಿಯರ್‌ಗೆ ಇದು ಗೊತ್ತಿರಬೇಕು, ಅವರ ಕೈಯಲ್ಲಿರೋ ಡ್ರಾಯಿಂಗ್‌ನಲ್ಲೇ ಬರೆದಿರಬೇಕು.

ನಿಮ್ಮ ಜಾಗದಲ್ಲಿ ನಾನಿದ್ದರೆ ಟೆಂಡರ್‌ಗೆ ಮುಂಚೆ ಪ್ರತಿ ಸ್ಟೇಷನ್ ಶೀಟಿನ ಅಂಚಿನಲ್ಲಿ ಮುಖ್ಯವಾದ ಗೆರೆಗಳಿಗೆ ಒಂದೊಂದು ವಾಕ್ಯ ಬರೆಸ್ತಿದ್ದೆ. ‘ಈ ಮೆಟ್ಟಿಲು ಬಸ್ ಬೇ ಕಡೆಗೇ ಇಳಿಯಬೇಕು, ಬದಲಿಸುವುದಾದರೆ ಬಸ್ ಬೇ ಸಹ ಸರಿಸಿ.’ ಇಷ್ಟು ಸಾಕು. ಎಲ್ಲ ಗೆರೆಗೂ ಬರೆದರೆ ಯಾರೂ ಓದಲ್ಲ, ಯಾವುದು ಮುಖ್ಯ ಅಂತ ಆರಿಸೋ ಕಷ್ಟ ನಿಮ್ಮದು. ಬದಲಾವಣೆ ಫಾರಂಗೆ ಮೂರನೇ ಟಿಕ್ ಸೇರಿಸಲು ಜಗಳ ಆಡಿ: ‘ಪ್ರಯಾಣಿಕರು ನಡೆಯುವ ದಾರಿ ಬದಲಾಗುತ್ತದೆಯೇ?’ ಹೌದು ಅಂದರೆ ಪ್ರತಿ ನಿಮಗೆ ಬರಬೇಕು. ಟ್ರಯಲ್ ಪಿಟ್ ತೋಡುವ ದಿನ ಖುದ್ದಾಗಿ ಹೋಗಿ ನಿಲ್ಲಿ. ಬೂಟು ಕೆಸರಾಗುತ್ತೆ, ಆಗಲಿ. ಗುಂಡಿಯಲ್ಲಿ ಪೈಪು ಕಂಡ ಅರ್ಧ ಗಂಟೆಯಲ್ಲೇ ನಿಜವಾದ ಡಿಸೈನ್ ನಿರ್ಧಾರ ಆಗೋದು, ಮೀಟಿಂಗ್‌ನಲ್ಲಿ ಅಲ್ಲ. ವಾರದ ಸಮನ್ವಯ ಸಭೆಯಲ್ಲಿ ಎಲ್ಲರೂ ‘ನೋಟೆಡ್’ ಅಂದು ಬಿಸ್ಕತ್ತು ತಿಂದು ಎದ್ದು ಹೋಗ್ತಾರೆ, ಅದರ ಮೇಲೆ ಆಸೆ ಇಡಬೇಡಿ. ಬಸ್ ಡಿಪೊದ ಟ್ರಾಫಿಕ್ ಕಂಟ್ರೋಲರ್ ಒಬ್ಬರನ್ನು ಬೆಳಿಗ್ಗೆ ಪೀಕ್ ಹೊತ್ತಲ್ಲಿ ಸೈಟಿಗೆ ಕರ್ಕೊಂಡು ಹೋಗಿ. ಬಸ್ಸು ಎಲ್ಲಿ ನಿಲ್ಲುತ್ತೆ, ಎಲ್ಲಿ ನಿಲ್ಲಲ್ಲ ಅಂತ ನಿಂತಲ್ಲೇ ಹೇಳ್ತಾರೆ.

‘ಎಂಜಿನಿಯರ್‌ಗಳು ನಮ್ಮ ಮಾತು ಕೇಳಲ್ಲ’ ಅಂತಲೂ ಬರೆದಿದ್ದೀರಿ. ಅವರ ಬಿಲ್ ಹಣ ನಿಲ್ಲೋದು ಕೆಲಸ ನಿಂತಾಗ, ನೀವು ಅದಕ್ಕೆ ಪರಿಹಾರ ತಂದರೆ ಕೇಳ್ತಾರೆ. ಬಸ್ ಬೇ ಎಳೀತೀನಿ ಅಂತ ಆ ಮೇಡಂ ಅವತ್ತೇ ಹೇಳುವಂತಿದ್ದರೆ ಗುತ್ತಿಗೆದಾರರ ಮ್ಯಾನೇಜರ್ ಅವರಿಗೇ ಮೊದಲು ಫೋನ್ ಮಾಡ್ತಿದ್ದರು, ನನಗಲ್ಲ.

ಸಾಫ್ಟ್‌ವೇರ್ ಯಾವುದು ಅಂತ ಕೇಳಿದ್ದಕ್ಕೆ: ನಿಮ್ಮ ಆಫೀಸಿನಲ್ಲಿ ಯಾವುದಕ್ಕೆ ಲೈಸೆನ್ಸ್ ಇದೆಯೋ ಅದೇ ಸಾಕು. ಲಾಗಿನ್ ಮಾತ್ರ ಸೈಟ್‌ನಲ್ಲಿರೋ ಜೂನಿಯರ್ ಎಂಜಿನಿಯರ್‌ಗೂ ಕೊಡಿಸಿ.